ಸಮುದ್ರ ನೋಡುವ ಹಕ್ಕು ಯಾರದು?

ಶುಕ್ರವಾರ ಸಂಜೆ ನಿಪ್ಪಾಣಿಯಲ್ಲಿ ಹೆದ್ದಾರಿಯ ಬದಿಗೆ ಸ್ವಲ್ಪ ಹೊತ್ತು ನಿಂತು ನೋಡಿರಿ. ಪುಣೆ, ಮುಂಬಯಿ ಕಡೆಯ ಮೋಟಾರುಗಳು ಒಂದರ ಹಿಂದೊಂದು ಬಂದು ಆಜರೆ, ಅಂಬೋಲಿ ಘಾಟಿನ ದಾರಿ ಹಿಡಿಯುತ್ತವೆ. ಅವು ಹೊರಟದ್ದು ಗೋವೆಗೆ. ನಮ್ಮ ಅಂಗಡಿಕಾರರು ಅವರಿಗೆ ಚಹಾ ಮಾರುತ್ತಾರೆ, ವಡಾ-ಪಾವ ಮಾರುತ್ತಾರೆ, ನೀರಿನ ಬಾಟಲಿ ಮಾರುತ್ತಾರೆ, ಗಾಲಿಯ ಪಂಕ್ಚರು ತೆಗೆದು ಕೊಡುತ್ತಾರೆ. ಇಪ್ಪತ್ತು ವರ್ಷ ಇವರಿಗೆ ಚಹಾ ಕಾಸಿಕೊಟ್ಟ ಗೆಳೆಯರೊಬ್ಬರನ್ನು, 'ನೀವು ಗೋವಾ ನೋಡೀರೇನು?' ಎಂದು ಕೇಳಿದೆವು. 'ಅಂಗಡಿ ಯಾರು ನೋಡತಾರ್ರೀ?' ಎಂದು ಅವರು ತಿರುಗಿ ನಮ್ಮನ್ನೇ ಕೇಳಿದರು.

ಒಂದು ಹಗಲಿನ ದಾರಿ. ಆದರೂ ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ದುಡಿಯುವ ಜನರಲ್ಲಿ ಎಷ್ಟು ಮಂದಿ ಸಮುದ್ರ ಕಂಡಿದ್ದಾರೆ? ಕಂಡವರಲ್ಲಿ ಹೆಚ್ಚಿನವರು ಅದನ್ನು ಕಂಡದ್ದು ಕೂಲಿಗೆ ಹೋಗಿ. ಆ ಮಾತಿಗೆ ಮುಂದೆ ಬರುತ್ತೇವೆ.

ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ನಾವು ಹತ್ತೊಂಬತ್ತು ಜನ ಬೆನ್ನಿಗೆ ಚೀಲ ಹಾಕಿಕೊಂಡು ಗೋವೆ, ಕಾರವಾರ, ಗೋಕರ್ಣಗಳನ್ನು ಆರು ದಿನ ತಿರುಗಿ ಬಂದೆವು. ಸಕ್ಕರೆ ಕಾರಖಾನೆಯ ಫಿಟ್ಟರುಗಳು, ಹಮಾಲರು, ಒಬ್ಬ ಸೈಕಲ್ ಅಂಗಡಿಯವರು, ಒಬ್ಬ ಕಿರಾಣಿ ವ್ಯಾಪಾರಿ, ಅಥಣಿಯ ಕಡೆಯ ಚಪ್ಪಲಿ ಹೊಲಿಯುವ ಗೆಳೆಯರಿಬ್ಬರು ತಂಡದಲ್ಲಿದ್ದರು. ಮರಳಿ ಬಂದೊಡನೆ ಮಾತು ಕೇಳಬೇಕಾಯಿತು. 'ಕಾಮಗಾರರ ಪಗಾರದ ಪ್ರಶ್ನೆ ಬಿಟ್ಟು ಇವರು ಮೋಜಿಗೆ ಹೋದರು' ಎಂದು ಪಕ್ಷದವರೇ ಕೆಲವರು ಆಡಿಕೊಂಡರು. ಈ ಲೇಖನ ಅವರಿಗೆ ಉತ್ತರವೆಂದು ತಿಳಿಯಲಡ್ಡಿಯಿಲ್ಲ.

ಮೊದಲನೆಯದಾಗಿ, ಬೆನ್ನಿಗೆ ಗಂಟು ಕಟ್ಟಿಕೊಂಡು ತಂಡದೊಡನೆ ದೇಶ ತಿರುಗುವದು ಬಿಳಿಯರು ಕಲಿಸಿದ ಫ್ಯಾಶನ್ನಲ್ಲ. ಭಾರತ ಹುಣ್ಣಿವೆಯ ಹೊತ್ತಿಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಸಾಂಗಲಿ, ಕೊಲ್ಲಾಪುರ, ಸೊಲ್ಲಾಪುರಗಳಿಂದ ಚಕ್ಕಡಿ ಹೂಡಿಕೊಂಡು ಬರುವ ಜನರು ಯಾರು? ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ದಿಂಡಿಯವರು ಯಾರು? ರೊಟ್ಟಿಯ ಬುತ್ತಿ, ಶೇಂಗಾ ಹಿಂಡಿ, ಒಂದು ಕಂಬಳಿ, ಇಷ್ಟೇ ಸಾಮಾನು. ಸಾಲ ಮಾಡದೆ, ಯಾರ ಹಂಗೂ ಇಲ್ಲದೆ ಸಾವಿರಾರು ಜನರನ್ನು ನೂರಾರು ಮೈಲು ಕರೆದುಕೊಂಡು ಹೋಗಿ ಬರುವ ವಿದ್ಯೆ ನಮ್ಮ ಅಜ್ಜ-ಅಜ್ಜಿಯರಿಗೆ ಗೊತ್ತಿತ್ತು. ಆದರೆ ದೇವರ ಹೆಸರಿಲ್ಲದೆ ಊರು ಬಿಡುವದು ನಮಗಿನ್ನೂ ತಪ್ಪಿನಂತೆ ಕಾಣುತ್ತದೆ. ಗುಡಿಗೆ ಹೋದರೆ ಪುಣ್ಯ, ಸಮುದ್ರಕ್ಕೆ ಹೋದರೆ ಚೈನಿ!

ನಾವೂ ಒಮ್ಮೆ ಪ್ರವಾಸೀ ಕಂಪನಿಯೊಂದರ ಬಸ್ಸಿನಲ್ಲಿ ಹೋಗಿ ಕೈ ಸುಟ್ಟುಕೊಂಡವರೇ. ಕಂಪನಿಯ ಹೆಸರು ಇಲ್ಲಿ ಬೇಡ. ಮೂರು ದಿನದಲ್ಲಿ ಹನ್ನೊಂದು ಸ್ಥಳ ತೋರಿಸುವದಾಗಿ ಹಣ ತೆಗೆದುಕೊಂಡರು. ಚರ್ಚಿನ ಮುಂದೆ ಇಪ್ಪತ್ತು ಮಿನಿಟು, ಗೋಡಂಬಿ ಅಂಗಡಿಯ ಮುಂದೆ ಒಂದು ತಾಸು. ಸಮುದ್ರದ ದಂಡೆಯಲ್ಲಿ ಅರ್ಧ ತಾಸು, 'ರಿಯಾಯತಿ' ಬಟ್ಟೆ ಅಂಗಡಿಯಲ್ಲಿ ಮತ್ತೊಂದು ತಾಸು. ಯಾವ ಅಂಗಡಿಯಲ್ಲಿ ಬಸ್ಸು ಹೆಚ್ಚು ಹೊತ್ತು ನಿಲ್ಲುತ್ತದೆಯೋ ಅಲ್ಲಿ ದಲಾಲಿ ಹೆಚ್ಚೆಂಬುದನ್ನು ನಮ್ಮ ಕಿರಾಣಿ ಗೆಳೆಯರು ಮೊದಲನೆಯ ದಿನವೇ ಲೆಕ್ಕ ಹಾಕಿ ಹೇಳಿದ್ದರು. ವ್ಯಾಪಾರಿಯ ಕಣ್ಣು! ಅಡತಿ ಅಂಗಡಿಯಲ್ಲಿ ತಂಬಾಕಿನ ಚೀಲ ಒಂದು ತಕ್ಕಡಿಯಿಂದ ಇನ್ನೊಂದಕ್ಕೆ ಹೋದಂತೆ ನಾವು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿ ಬಂದೆವು.

ಆದುದರಿಂದ ಈ ಸಲ ವ್ಯವಸ್ಥೆ ನಮ್ಮದೇ. ಐದು ತಿಂಗಳು ವಾರಕ್ಕೆ ನೂರೈವತ್ತು ರೂಪಾಯಿ ಎಲ್ಲರೂ ಒಂದು ಡಬ್ಬಿಗೆ ಹಾಕಿದೆವು. ರಾಯಬಾಗ ಸ್ಟೇಶನ್ನಿನಲ್ಲಿ ಗಾಡಿ ಹತ್ತಿ, ಲೋಂಡಾದಲ್ಲಿ ಬದಲಿಸಿ, ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿದೆವು. 1888ರಲ್ಲಿ ಈ ಮಾರ್ಗ ತೆರೆದಾಗ ಅದರ ಉದ್ದೇಶ ಮುರಗಾಂವ ಬಂದರಕ್ಕೆ ಸರಕು ಸಾಗಿಸುವದಾಗಿತ್ತು. ಬಡವನಿಗೆ ದೂಧಸಾಗರ ತೋರಿಸುವದು ಯಾರ ಮನಸ್ಸಿನಲ್ಲಿಯೂ ಇರಲಿಲ್ಲ. ಬೇಸಿಗೆಯಾದ್ದರಿಂದ ಧಬಧಬೆ ಬಿಳಿ ನೂಲಿನೆಳೆಯಂತೆ ಇಳಿಯುತ್ತಿತ್ತು. ಆದರೂ ಡಬ್ಬಿಯ ತುಂಬ ಜನ ಎದ್ದು ಒಂದೇ ಬದಿಗೆ ನಿಂತರು. ನಮ್ಮ ಹಂಗಾಮೂ ಗೋವೆಯ ಹಂಗಾಮೂ ಒಂದೇ ಎಂಬುದೇ ಇಲ್ಲಿಯ ತೊಡಕು. ನವೆಂಬರದಿಂದ ಫೆಬ್ರುವರಿಯ ವರೆಗೆ ಗೋವೆಯ ಹವೆ ಹಿತವಾಗಿರುತ್ತದೆ, ಆಗ ಇಲ್ಲಿ ಗಾಣ ತಿರುಗುತ್ತಿರುತ್ತದೆ. ಕಾಮಗಾರನ ಪಾಲಿಗೆ ಬರುವದು ಏಪ್ರಿಲಿನ ಬೆವರು. ಅಂಗಿ ಮೈಗೆ ಅಂಟಿ, ಬೆವರು ಒಣಗಿದಲ್ಲಿ ಉಪ್ಪು ಉಳಿಯುತ್ತಿತ್ತು. ಗೇರುಹಣ್ಣಿನ ವಾಸನೆ ಊರೂರಿಗೆ ಹರಡಿತ್ತು. ಫೋಂಡೆಯ ಬದಿಯ ಗುಡಿಯೊಂದರ ಅಗ್ರಶಾಲೆಯಲ್ಲಿ ಕಡಿಮೆ ಹಣಕ್ಕೆ ಮಲಗಲು ಸ್ಥಳ ಸಿಕ್ಕಿತು. ಮೀನು ತಿನ್ನುವವರು ಬಂಗಡೆಯ ಸಾರು ಉಂಡರು, ತಿನ್ನದವರು ಸೋಲಕಡಿ ಕುಡಿದು ಸಂತೋಷಪಟ್ಟರು.

ಮಡಗಾಂವದ ಲೋಹಿಯಾ ಮೈದಾನದಲ್ಲಿ ಕುಳಿತು ಬುತ್ತಿಯ ಕೊನೆಯ ರೊಟ್ಟಿಗಳನ್ನು ತಿಂದೆವು. ತರುಣ ಫಿಟ್ಟರನೊಬ್ಬ, 'ಗುರುಗಳೇ, ಇವರು ಯಾರು?' ಎಂದು ಕೇಳಿದ. ಶಾಲೆ ಬಿಟ್ಟು ವರ್ಷಗಳಾದರೂ ನಮ್ಮನ್ನು ಜನ ಗುರುಗಳೆಂದೇ ಕರೆಯುತ್ತಾರೆ. 1946ರ ಜೂನ 18ರಂದು ಡಾ. ಲೋಹಿಯಾ ಅವರು ಡಾ. ಜುಲಿಯಾಂವ ಮೆನೆಝಿಸರೊಡನೆ ಇದೇ ಸ್ಥಳದಲ್ಲಿ ಪೋರ್ತುಗೀಜರ ನಿರ್ಬಂಧ ಮುರಿದದ್ದನ್ನೂ, 1955ರಲ್ಲಿ ನಾನಾಸಾಹೇಬ ಗೋರೆ, ಸೇನಾಪತಿ ಬಾಪಟ, ಮಧು ಲಿಮಯೆ ಮೊದಲಾದವರು ಸತ್ಯಾಗ್ರಹಿಗಳ ತಂಡ ಕಟ್ಟಿಕೊಂಡು ಗಡಿ ದಾಟಿದ್ದನ್ನೂ ಹೇಳಿದೆವು. ಆ ವರ್ಷ ಆಗಸ್ಟ 15ರಂದು ಕೈಯಲ್ಲಿ ಕೋಲೂ ಇಲ್ಲದ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಗೋವೆ ಬಿಡುಗಡೆಯಾದದ್ದು 1961ರ ಡಿಸೆಂಬರ 19ರಂದು. ಬೆನ್ನಿಗೆ ಗಂಟು ಕಟ್ಟಿ ಗೋವೆಗೆ ನಡೆದವರಲ್ಲಿ ಇವರ ಲೆಕ್ಕವನ್ನು ಹೋಟೆಲುಗಳ ಕೈಪಿಡಿಯಲ್ಲಿ ಯಾರೂ ಬರೆಯುವದಿಲ್ಲ.

ಇನ್ನು ಕಲಂಗುಟ್ಟಿನ ದಂಡೆಯ ಸಂಗತಿ. ಮಣಿಸರ, ಕಸೂತಿಯ ಚೀಲ ಮಾರುವ ಹೆಂಗಸೊಬ್ಬಳು ಬಂದು ಹಿಂದಿಯಲ್ಲಿ ಸರಕ್ಕೆ ಎರಡು ನೂರು ರೂಪಾಯಿ ಹೇಳಿದಳು. ನಮ್ಮ ಕಿರಾಣಿ ಗೆಳೆಯರು ಮುರಿದ ಹಿಂದಿಯಲ್ಲಿಯೇ ಚೌಕಾಶಿಗೆ ನಿಂತರು. ನೂರೈವತ್ತು, ನೂರು, ಎಂಬತ್ತು. ಕೊನೆಗೆ ಅರವತ್ತಕ್ಕೆ ಇಳಿಸಿ ನಮ್ಮ ಕಡೆ ತಿರುಗಿ, 'ಹೆಂಗ ಇಳಿಸಿದೆ ನೋಡ್ರಿ' ಎಂದರು. ಆಕೆ ಅಚ್ಚ ಕನ್ನಡದಲ್ಲಿ, 'ನಮ್ಮ ಕಡೇದವರಾಗಿ ಇಷ್ಟ ಜಗ್ಗತೀರೇನಣ್ಣಾ?' ಎಂದಳು. ವಿಜಾಪುರದ ಕಡೆಯ ತಾಂಡೆಯವಳು. ಮಳೆಗಾಲದಲ್ಲಿ ಊರು, ಉಳಿದ ಕಾಲ ಈ ಉಸುಕು. ಪೋಲೀಸರು ಬಂದರೆ ಗಂಟು ಕಟ್ಟಿಕೊಂಡು ಓಡಬೇಕು. ಸಿಕ್ಕರೆ ದಂಡ. ಗೆಳೆಯರು ಎರಡು ನೂರು ರೂಪಾಯಿ ತೆಗೆದು ಕೊಡಹೋದರು. ಆಕೆ ನೂರು ತೆಗೆದುಕೊಂಡು ಉಳಿದದ್ದನ್ನು ಮರಳಿ ಕೊಟ್ಟಳು. 'ಇದರ ಖರೇ ಬೆಲಿ ಇದ' ಎಂದಳು. ಊಟದ ಹೊತ್ತಿನ ವರೆಗೆ ಆ ಗೆಳೆಯರು ಮಾತಾಡಲಿಲ್ಲ. ಸಣ್ಣ ವ್ಯಾಪಾರಿಯೊಬ್ಬ ಇನ್ನೊಬ್ಬ ಸಣ್ಣ ವ್ಯಾಪಾರಿಯನ್ನು ಗುರುತಿಸಲು ಇಷ್ಟು ದೂರ ಬರಬೇಕಾಯಿತು.

ಆ ಮೇಲೆ ನಮ್ಮ ಕಿವಿ ತೆರೆಯಿತು. ಹೋಟೆಲಿನ ಹಿತ್ತಲಲ್ಲಿ ಪಾತ್ರೆ ತೊಳೆಯುವವನು ಕನ್ನಡದವನು. ಹೊಸ ಮನೆಯ ಕೆಂಪು ಕಲ್ಲು ಹೊರುವವರು ಕನ್ನಡದವರು. ರಸ್ತೆಗೆ ಡಾಂಬರು ಹಾಕುವವರು, ದೋಣಿಯಿಂದ ಮೀನಿನ ಬುಟ್ಟಿ ಇಳಿಸುವವರಲ್ಲಿಯೂ ಕನ್ನಡದ ಮಾತು. ಬಸ್ಸಿನಲ್ಲಿ ಸಿಕ್ಕ ಗೌಂಡಿಯೊಬ್ಬ ನಮ್ಮ ರಾಯಬಾಗ ತಾಲೂಕಿನವನೇ. ಇಂಥವರಿಗೆ ಅಲ್ಲಿ ಹೆಸರೊಂದೇ: 'ಘಾಟಿ'. ಘಟ್ಟದ ಮೇಲಿನಿಂದ ಬಂದವನೆಂದು ಅರ್ಥ, ಆದರೆ ಬೈಗುಳದಂತೆ ಆಡುತ್ತಾರೆ. ಇದರಲ್ಲಿ ಒಂದು ವಿನೋದವುಂಟು. ನಮ್ಮ ತಂಡದಲ್ಲಿ ಮರಾಠಿ ಮಾತಿನವರು ಏಳು ಜನರಿದ್ದರು. 1956ರಿಂದ ನಮ್ಮಲ್ಲಿ ಫಲಕದ ಅಕ್ಷರಕ್ಕಾಗಿ, ಗಡಿಗಾಗಿ ಎಷ್ಟು ಬಡಿದಾಟವಾಗಿದೆಯೆಂಬುದನ್ನು ನಿಪ್ಪಾಣಿಯ ವಾಚಕರಿಗೆ ಹೇಳಬೇಕಾದ್ದಿಲ್ಲ. ಗೋವೆಯ ಕಂಡಕ್ಟರನು ನಮ್ಮೆಲ್ಲರನ್ನೂ ಒಂದೇ ಶಬ್ದದಲ್ಲಿ ಮುಗಿಸಿಬಿಟ್ಟ!

ಇದಕ್ಕಾಗಿ ಗೋವೆಯ ಬಡವರ ಮೇಲೆ ಸಿಟ್ಟಾಗುವದು ಸರಿಯಲ್ಲ. ಅವರ ಭೂಮಿ, ಅವರ ಬಾವಿ, ಅವರ ದಂಡೆ ಹಣವಂತರ ಪಾಲಾಗುತ್ತಿರುವದನ್ನು ಅವರು ಕಾಣುತ್ತಿದ್ದಾರೆ, ಕೈಗೆ ಸಿಗುವ ಪರಕೀಯನನ್ನು ಬೈಯುತ್ತಾರೆ. ಹೋಟೆಲಿನ ಒಡೆಯ ಕೈಗೆ ಸಿಗುವದಿಲ್ಲ, ಇಟ್ಟಿಗೆ ಹೊರುವವನು ಸಿಗುತ್ತಾನೆ. 2004ರಲ್ಲಿ ವಾಸ್ಕೋದ ಬೈನಾ ದಂಡೆಯ ಮನೆಗಳನ್ನು ಅಲ್ಲಿಯ ಸರಕಾರ ಕೆಡವಿತು. ಅಲ್ಲಿಯ ಸೂಳೆಗೇರಿಯನ್ನು ತೆಗೆಯುವದೇ ಕಾರಣವೆಂದು ಹೇಳಿದರು. ಅದರೊಡನೆ ಉತ್ತರ ಕರ್ನಾಟಕದಿಂದ ಹೋದ ಎಷ್ಟೋ ಕೂಲಿಕಾರರ ಸಂಸಾರಗಳೂ ಮಳೆಗಾಲದ ಬಾಗಿಲಲ್ಲಿ ಬಯಲಿಗೆ ಬಿದ್ದವು. ಸಮುದ್ರವನ್ನು ಎದುರಿಗಿಟ್ಟು ಕೋಣೆ ಕಟ್ಟಿದವನು ಪ್ರವಾಸೋದ್ಯಮಿ, ಗುಡಿಸಲು ಕಟ್ಟಿದವನು ಅತಿಕ್ರಮಣದಾರ.

ಪಣಜಿಯ ಅಂಗಡಿಯೊಂದರಲ್ಲಿ ಕೊಲ್ಲಾಪುರಿ ಚಪ್ಪಲಿಗಳನ್ನು ತೂಗುಹಾಕಿದ್ದರು. ಅಥಣಿಯ ಗೆಳೆಯ ಒಂದನ್ನು ತಿರುವಿ, ಅಂಚಿನ ಹೊಲಿಗೆ ನೋಡಿ, 'ಇದು ನಮ್ಮ ಕಡೇದ್ದ' ಎಂದ. ಬೆಲೆಯ ಚೀಟಿ ನೋಡಿ ತಾನು ಜೋಡಿಗೆ ಪಡೆಯುವ ಮಜೂರಿಯನ್ನು ಬೆರಳಲ್ಲಿ ಎಣಿಸಿದ. ನಡುವೆ ಆರು ಪಟ್ಟು ಅಂತರ. 2019ರಲ್ಲಿ ಈ ಚಪ್ಪಲಿಗೆ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರಿನಲ್ಲಿ ಭೌಗೋಲಿಕ ಗುರುತಿನ ಮುದ್ರೆ ದೊರೆಯಿತು. ಅದರಲ್ಲಿ ನಮ್ಮ ಬೆಳಗಾವಿಯೂ ಉಂಟು. 2025ರ ಜೂನದಲ್ಲಿ ಇಟಲಿಯ ಪ್ರಾಡಾ ಕಂಪನಿ ಇಂಥವೇ ಚಪ್ಪಲಿಗಳನ್ನು ಮಿಲಾನದಲ್ಲಿ ಮೆರೆಸಿ, ಗದ್ದಲವಾದ ಮೇಲೆ ಭಾರತದ ಕೈಕಸುಬಿನ ಋಣವನ್ನು ಒಪ್ಪಿಕೊಂಡಿತು. ಚಪ್ಪಲಿ ಮಿಲಾನಕ್ಕೆ ಹೋಗಿ ಬಂದರೂ ಹೊಲಿದವನು ಪಣಜಿಗೆ ಬಂದದ್ದು ಇದೇ ಮೊದಲು.

ಈಗ ನಮ್ಮ ತಂಡದ ಕೊರತೆಯ ಮಾತು. ಹತ್ತೊಂಬತ್ತು ಜನರಲ್ಲಿ ಹೆಂಗಸರು ಮೂವರೇ. ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕಂದಿರಲ್ಲಿ ಒಬ್ಬರೂ ಬರಲಿಲ್ಲ. ಆರು ಜನ ಹೆಸರು ಕೊಟ್ಟಿದ್ದರು, ಡಬ್ಬಿಗೆ ಹಣವನ್ನೂ ಹಾಕಿದ್ದರು, ಕೊನೆಯ ವಾರ ಎಲ್ಲರೂ ಹಿಂದೆ ಸರಿದರು. ಅವರಿಗೆ ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಬೆರಳು ನಿಂತ ದಿನ ಒಲೆಯೂ ನಿಲ್ಲುತ್ತದೆ. 'ಆರು ದಿನ ಹ್ವಾದರ ಮುಕಾದಮ ಎಲಿ ಕೊಡೂದಿಲ್ಲರೀ ಗುರುಗಳೇ' ಎಂದು ಒಬ್ಬ ತಾಯಿ ಹೇಳಿದರು. ನಮ್ಮನ್ನು ಮೋಜುಗಾರರೆಂದವರು ಈ ಮಾತನ್ನು ಕೇಳಬೇಕು. ಪಗಾರದ ಪ್ರಶ್ನೆ ಬೇರೆ, ಪ್ರವಾಸದ ಪ್ರಶ್ನೆ ಬೇರೆ ಎಂದು ಅವರಿಗೆ ಹೇಗೆ ಅನಿಸಿತೋ ನಮಗೆ ತಿಳಿಯದು.

1948ರ ಕಾರಖಾನೆ ಕಾನೂನು, ವರ್ಷದಲ್ಲಿ 240 ದಿನ ದುಡಿದವನಿಗೆ ಇಪ್ಪತ್ತು ದಿನಕ್ಕೊಂದರಂತೆ ಪಗಾರಸಹಿತ ರಜೆ ಕೊಟ್ಟಿತ್ತು. 1966ರ ಬೀಡಿ ಮತ್ತು ಸಿಗಾರ ಕಾಮಗಾರರ ಕಾನೂನಿನಲ್ಲಿಯೂ ಪಗಾರಸಹಿತ ರಜೆ ಇತ್ತು. 2025ರ ನವೆಂಬರ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ 240 ದಿನ 180ಕ್ಕೆ ಇಳಿದಿದೆ. ಹೊಸ ಸಂಹಿತೆಗಳ ಬಗ್ಗೆ ನಮ್ಮ ವಿರೋಧ ಬೇಕಾದಷ್ಟಿದೆ, ಆದರೆ ಇದೊಂದು ಇಳಿಕೆ ಒಳ್ಳೆಯದೇ. ಪ್ರಶ್ನೆಯಿರುವದು ಹಾಜರಿ ಪುಸ್ತಕದಲ್ಲಿ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವಳ ದಿನಗಳನ್ನು ಯಾರು ಬರೆಯುತ್ತಾರೆ? ಬರೆಯದ ದಿನಕ್ಕೆ ರಜೆ ಎಲ್ಲಿಂದ ಬಂದೀತು? ಹಂಗಾಮಿ ಕಾಮಗಾರನನ್ನು ಎಣಿಕೆ ತುಂಬುವ ಮೊದಲೇ ಬಿಡಿಸುವ ಯುಕ್ತಿಯಂತೂ ನಮಗೆ ಹೊಸದಲ್ಲ.

1936ರಲ್ಲಿ ಫ್ರಾನ್ಸ ದೇಶದ ಕಾಮಗಾರರು ಕಾರಖಾನೆಗಳ ಒಳಗೇ ಕುಳಿತು ಸಂಪು ಹೂಡಿದರು. ವಾರಕ್ಕೆ ನಲವತ್ತು ತಾಸಿನ ದುಡಿಮೆಯೊಡನೆ ವರ್ಷಕ್ಕೆ ಎರಡು ವಾರ ಪಗಾರಸಹಿತ ರಜೆಯೂ ದೊರೆಯಿತು. ಅಲ್ಲಿಯ ಸರಕಾರ ರೈಲಿನ ತಿಕೀಟಿಗೆ ರಿಯಾಯತಿ ಕೊಟ್ಟಿತು. ಆ ಬೇಸಿಗೆಯಲ್ಲಿ ಸೈಕಲ್ಲಿನ ಮೇಲೆ, ಮೂರನೆಯ ವರ್ಗದ ಡಬ್ಬಿಗಳಲ್ಲಿ ಹೊರಟ ಎಷ್ಟೋ ಸಂಸಾರಗಳು ತಮ್ಮದೇ ದೇಶದ ಸಮುದ್ರವನ್ನು ಮೊದಲ ಸಲ ಕಂಡವು. ಅಲ್ಲಿಯ ಧನಿಕರ ಪತ್ರಿಕೆಗಳೂ ಹರಕು ಟೊಪ್ಪಿಗೆಯವರು ದಂಡೆ ಹೊಲಸು ಮಾಡಿದರೆಂದು ಮೂಗು ಮುರಿದವು.

ಮುಂದಿನ ತಂಡ ದೀಪಾವಳಿಯ ನಂತರ ಹೊರಡಬೇಕೆಂದು ಯೋಚಿಸಿದ್ದೇವೆ. ಗಾಣದವರಿಗೆ ಆಗ ಬರಲಾಗುವದಿಲ್ಲವಾದ್ದರಿಂದ ಈ ಸಲ ಬೀಡಿಯ ಅಕ್ಕಂದಿರ ಸರದಿ. ಹೋಗುವ ಪ್ರತಿಯೊಬ್ಬರ ಆರು ದಿನದ ಮಜೂರಿಯನ್ನು ತುಂಬಿಕೊಡಲು ಬೇರೊಂದು ಡಬ್ಬಿ ಇಟ್ಟಿದ್ದೇವೆ. ಕಿರಾಣಿ ಗೆಳೆಯರು ಮೊದಲನೆಯ ಐದು ನೂರು ರೂಪಾಯಿ ಹಾಕಿದ್ದಾರೆ. ರಜೆಯ ದಿನಗಳನ್ನು ಬರೆದಿಡಬೇಕೆಂಬ ಅರ್ಜಿಯನ್ನೂ ಬರೆಯುತ್ತಿದ್ದೇವೆ. ಸಹಿ ಹಾಕುವವರು ರವಿವಾರ ಬೆಳಿಗ್ಗೆ ಕಚೇರಿಗೆ ಬರಬೇಕು, ಸಹಿ ಬಾರದವರು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ. ಎಲೆ ಕೊಡುವದಿಲ್ಲವೆಂದ ಮುಕಾದಮರನ್ನು ಕಾಣಲು ಸೋಮವಾರ ನಾವೇ ಹೋಗುತ್ತೇವೆ.