ತಲೆಬಿಸಿ ಎಷ್ಟು ಡಿಗ್ರಿ?

"ತಲೆಬಿಸಿ ಮಾಡ್ಕೋಬೇಡ ಮಾರಾಯ." ಸಾಗರದಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಹೇಳುವ ಮಾತು. ತಲೆ ನಿಜಕ್ಕೂ ಎಷ್ಟು ಬಿಸಿ ಇರುತ್ತದೆ ಎಂದು ನಾನು ಯೋಚಿಸಿದ್ದು ಮಾತ್ರ ಅಪ್ಪ ಸ್ಕೂಟರಿನಿಂದ ಬಿದ್ದು ಐಸಿಯು ಸೇರಿದಾಗ. ಪುಣೆಯಿಂದ ರಾತ್ರಿ ಬಸ್ಸು ಹಿಡಿದು ಹೋಗಿದ್ದೆ. ನರ್ಸ್ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು 99 ಎಂದು ಬರೆದುಕೊಂಡರು. "ಮಿದುಳಿನದ್ದು ಎಷ್ಟು?" ಎಂದೆ. "ಅದಕ್ಕೆ ಬುರುಡೆ ಕೊರೆದು ಪ್ರೋಬ್ ಇಳಿಸಬೇಕು, ಇವರಿಗೆ ಬೇಡ" ಎಂದರು ಡಾಕ್ಟರು.

ಕೊರೆಯದೆಯೂ ಅಳೆಯಬಹುದು, ಎಂಆರ್‌ಐನಿಂದ. 3 ಟೆಸ್ಲಾ ಯಂತ್ರದೊಳಗೆ ನೀರಿನ ಹೈಡ್ರೋಜನ್ ಸೆಕೆಂಡಿಗೆ ಸುಮಾರು 12.8 ಕೋಟಿ ಸಲ ಮಿಡಿಯುತ್ತದೆ. ನೀರು ಬಿಸಿಯಾದಂತೆ ಅಣುಗಳ ನಡುವಿನ ಬಂಧ ಸಡಿಲವಾಗಿ ಆ ಸ್ವರ ಇಳಿಯುತ್ತದೆ. ಇಳಿಯುವುದು 1 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 1.3 ಹರ್ಟ್ಸ್, ಅಷ್ಟೇ! ಆದರೆ ಯಂತ್ರದ ಕಾಂತಕ್ಷೇತ್ರವೂ ಚೂರುಪಾರು ಕದಲುತ್ತದಲ್ಲ? ಹಾಗಾಗಿ ಹೋಲಿಸಲು ಒಂದು ಶ್ರುತಿ ಬೇಕು. ನರಕೋಶಗಳಲ್ಲಿರುವ ಎನ್‌ಎಎ ಎಂಬ ರಾಸಾಯನಿಕವೇ ಆ ಶ್ರುತಿ. ಬಿಸಿಗೆ ಅದರ ಸ್ವರ ಹೆಚ್ಚುಕಡಿಮೆ ಬದಲಾಗದು. ಎರಡು ಸ್ವರಗಳ ಅಂತರವೇ ಥರ್ಮಾಮೀಟರ್.

2022ರಲ್ಲಿ ಬ್ರಿಟನ್ನಿನ ನೀನಾ ಝೆಕೊರ್ಝೆಕ್ ಮತ್ತು ಸಂಗಡಿಗರು 40 ಆರೋಗ್ಯವಂತರನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಹೀಗೆ ಅಳೆದರು. ಮಿದುಳಿನ ಸರಾಸರಿ 38.5 ಡಿಗ್ರಿ. ನಮ್ಮ ಮನೆಯ ಲೆಕ್ಕದಲ್ಲಿ 101 ಜ್ವರ! ಆಳದ ಭಾಗಗಳಲ್ಲಿ 40 ದಾಟಿದ್ದೂ ಉಂಟು. ಹಗಲು ಏರಿ ರಾತ್ರಿ ಇಳಿಯುವ ವ್ಯತ್ಯಾಸ ಸುಮಾರು 1 ಡಿಗ್ರಿ.

ನನ್ನನ್ನು ತಟ್ಟಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ತಲೆಗೆ ಪೆಟ್ಟಾಗಿ ಪ್ರೋಬ್ ಹಾಕಿಸಿಕೊಂಡವರ ದಾಖಲೆಗಳನ್ನೂ ಅವರು ನೋಡಿದ್ದರು. ಈ ದಿನದ ಏರಿಳಿತ ಉಳಿದಿದ್ದವರಲ್ಲಿ ಐಸಿಯುನಲ್ಲಿ ತೀರಿಕೊಂಡವರು ಶೇ. 4, ಇಲ್ಲದವರಲ್ಲಿ ಶೇ. 27. ಲಯ ತಪ್ಪಿದ್ದೇ ಸಾವಿಗೆ ಕಾರಣ ಎಂದಲ್ಲ, ಗಾಯ ಜೋರಾದಾಗಲೂ ಲಯ ತಪ್ಪಬಹುದು. ಆದರೂ ಕಂಕುಳಿನ 99ಕ್ಕೆ ಇದು ಯಾವುದೂ ಗೊತ್ತಿರುವುದಿಲ್ಲ.

ಹಾಗೆಂದು ನಾಳೆಯೇ ಹಾಸಿಗೆ ಪಕ್ಕಕ್ಕೆ ಈ ಎಂಆರ್‌ಐ ಥರ್ಮಾಮೀಟರ್ ಬರುವುದಿಲ್ಲ. ವೆಂಟಿಲೇಟರಿನಲ್ಲಿರುವವರನ್ನು ಗಂಟೆಗೊಮ್ಮೆ ಯಂತ್ರಕ್ಕೆ ಒಯ್ಯಲಾಗದು. ಪೆಟ್ಟಾದ ಜಾಗದಲ್ಲಿ ಎನ್‌ಎಎ ಕೂಡ ಕಡಿಮೆಯಾಗುತ್ತದೆ. ಅಗತ್ಯ ಹೆಚ್ಚಿರುವಲ್ಲೇ ಶ್ರುತಿ ಕ್ಷೀಣ.

ಅಪ್ಪ ಈಗ ಆರಾಮಾಗಿದ್ದಾರೆ. ಮೊನ್ನೆ ಅಮ್ಮ ಮತ್ತೆ ಅದೇ ಮಾತು ಹೇಳಿದಳು. "ತಲೆ ಬಿಸಿಯಾಗೇ ಇರ್‍ಬೇಕಮ್ಮ, ರಾತ್ರಿ ಸ್ವಲ್ಪ ಇಳಿದ್ರೆ ಸಾಕು" ಎಂದೆ.

"ಹಾಗಾದ್ರೆ ಲ್ಯಾಪ್‌ಟಾಪ್ ಮುಚ್ಚಿ ಮಲ್ಕೋ" ಎಂದಳು.