ರಸೀದಿಯಲ್ಲಿ ಒತ್ತಕ್ಷರ ಯಾಕೆ ಒಡೆಯುತ್ತೆ?

ನೀವು ಇದನ್ನು ಆಂಡ್ರಾಯ್ಡ್ ಫೋನಿನಲ್ಲಿ ಓದುತ್ತಿದ್ದರೆ, ಒತ್ತಕ್ಷರಗಳು ಅಕ್ಷರದ ಕೆಳಗೆ ನೆಟ್ಟಗೆ ಕೂತಿರೋದಕ್ಕೆ ಕಾರಣ ಹಾರ್ಫ್‌ಬಜ್ ಅನ್ನೋ ಒಂದು ಲೈಬ್ರರಿ. ಲೈಬ್ರರಿ ಅಂದರೆ ಇಲ್ಲಿ ಪುಸ್ತಕದ ಮನೆ ಅಲ್ಲ, ಯಾರೋ ಬರೆದಿಟ್ಟ ಸಿದ್ಧ ಕೋಡು. ಇದನ್ನು ಬರೆದವರಲ್ಲಿ ಮುಖ್ಯರು ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್. ಪಾರ್ಸಿಯಲ್ಲಿ ಹರ್ಫ್ ಅಂದರೆ ಅಕ್ಷರ.

ಇದರ ಕೆಲಸ ಏನು? 'ಸೂರ್ಯ' ಅಂತ ಟೈಪ್ ಮಾಡಿ ನೋಡಿ. ನೀವು ಒತ್ತೋದು ಮೊದಲು ರ, ಆಮೇಲೆ ಯ. ಆದರೆ ಪರದೆ ಮೇಲೆ ಯ ಮೊದಲು ಬಂದು, ಅರ್ಕಾವತ್ತು ಅದರ ಹಿಂದೆ ಕೂರುತ್ತೆ. ಈ ಅದಲು ಬದಲು ಮಾಡೋದು ಹಾರ್ಫ್‌ಬಜ್. ಬರೀ ಫಾಂಟ್ ಇದ್ದರೆ ಸಾಲದು.

ಸ್ವಲ್ಪ ಹಿಂದೆ ಹೋದರೆ, 2010ರ ಆಸುಪಾಸಿನಲ್ಲಿ ಫೋನಿನಲ್ಲಿ ಕನ್ನಡ ಅಂದರೆ ಬರೀ ಚೌಕಗಳು. ಒಪೆರಾ ಮಿನಿಯ ಸೆಟ್ಟಿಂಗ್‌ಗೆ ಹೋಗಿ, ಅಕ್ಷರವನ್ನು ಚಿತ್ರ ಮಾಡಿ ಕಳಿಸು ಅಂತ ಹೇಳಿ ಓದಿದವರು ನಮ್ಮಲ್ಲೂ ಇದ್ದಾರೆ. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ ಫಾಂಟ್ ಜೊತೆಯಲ್ಲೇ ಬಂತು.

ಹೊರಗಿನವರು ಬರೆದ ಲೈಬ್ರರಿಯನ್ನು ಇನ್ನೊಂದು ವ್ಯವಸ್ಥೆಗೆ ಒಗ್ಗಿಸೋದನ್ನು ಪೋರ್ಟಿಂಗ್ ಅಂತಾರೆ. ಪಂಪ್‌ಸೆಟ್ ಚೆನ್ನಾಗಿದೆ ಅಂತ ತಂದುಬಿಟ್ಟರೆ ಆಗುತ್ತಾ? ಮೋಟರ್ ತ್ರೀ ಫೇಸ್, ಮನೆ ಲೈನು ಸಿಂಗಲ್ ಫೇಸ್ ಆದರೆ ತಿರುಗಲ್ಲ. ಹಾಗೇ, ಕಂಪ್ಯೂಟರಿನ ಲಿನಕ್ಸ್‌ಗೆ ಬರೆದ ಕೋಡು ಆಂಡ್ರಾಯ್ಡ್‌ನಲ್ಲಿ ಸೀದಾ ಓಡಲ್ಲ. ಆಂಡ್ರಾಯ್ಡ್‌ನ ತಳಪಾಯವೂ ಲಿನಕ್ಸೇ, ಆದರೆ ಮೇಲಿನ ಸಿ ಲೈಬ್ರರಿ ಬಯೋನಿಕ್ ಅನ್ನೋ ಬೇರೆಯದು. ಒಮ್ಮೆ ಹೊಂದಿಸಿದರೆ ಮುಗೀತು ಅಂತಲೂ ಇಲ್ಲ. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್ 64 ಬಿಟ್ ಕೋಡು ಕೇಳಿತು. 2025ರ ನವೆಂಬರ್‌ನಿಂದ, ಆಂಡ್ರಾಯ್ಡ್ 15ಕ್ಕೆ ಮಾಡಿದ ಆ್ಯಪ್‌ಗಳು ಮೆಮೊರಿಯ 16 ಕೆಬಿ ಪುಟಕ್ಕೂ ಹೊಂದಬೇಕು ಅಂದಿತು. ಪ್ರತಿ ಸಲವೂ ಯಾರೋ ಕೂತು ಹಳೇ ಕೋಡನ್ನು ಮತ್ತೆ ಕಟ್ಟಬೇಕು.

ಈಗ ನಮ್ಮ ತಕರಾರಿಗೆ ಬರ್ತೀವಿ. ಆ್ಯಪ್‌ನಲ್ಲಿ 'ಸಿದ್ದಪ್ಪ' ಅಂತ ಸರಿಯಾಗೇ ಇರುತ್ತೆ. ಪಿಡಿಎಫ್ ತೆಗೆದರೆ 'ಸಿದ್‌ದಪ್‌ಪ' ಆಗುತ್ತೆ. ಇಂಥ ರಸೀದಿಗಳು ನಮ್ಮ ಕೈಗೆ ಎಷ್ಟೋ ಬಂದಿವೆ. ಫೋನಿನ ಪರದೆಗೆ ಹಾರ್ಫ್‌ಬಜ್ ಇದೆ, ಸರಿ. ಆದರೆ ಪಿಡಿಎಫ್ ಮಾಡೋಕೆ ಆ್ಯಪ್‌ನವರು ಬೇರೊಂದು ಲೈಬ್ರರಿ ತಂದಿರುತ್ತಾರೆ. ಅಂಥ ಲೈಬ್ರರಿಗಳಲ್ಲಿ ಹಲವಕ್ಕೆ ಇಂಗ್ಲಿಷ್ ಥರ ಒಂದರ ಪಕ್ಕ ಒಂದು ಅಕ್ಷರ ಜೋಡಿಸೋದು ಬಿಟ್ಟರೆ ಬೇರೆ ಗೊತ್ತಿಲ್ಲ. ಕೆಲವರು ಇಡೀ ಹಾಳೆಯನ್ನೇ ಫೋಟೋ ಮಾಡಿ ಕೊಡ್ತಾರೆ. ಅದರಲ್ಲಿ ಹೆಸರು ಹುಡುಕೋಕಾಗಲ್ಲ.

'ಹೆಸರು ಇಂಗ್ಲಿಷ್‌ನಲ್ಲೇ ಹಾಕಿ ಬಿಡಿ' ಅನ್ನೋ ಉತ್ತರವೂ ರೆಡಿ ಇರುತ್ತೆ. ಸಿದ್ದಪ್ಪನಿಗೆ ಒಂದು ಡಿ ಹಾಕಬೇಕೋ ಎರಡೋ? ಆಧಾರ್‌ನಲ್ಲಿ ಒಂದು ಥರ, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ ಆಗಿ ಅಲೆದಾಡಿದವರನ್ನು ಕೇಳಿ. ಕನ್ನಡದಲ್ಲಿ ಆ ಹೆಸರು ಬರೆಯೋಕೆ ಯಾರೂ ಅನುಮಾನ ಪಡಲ್ಲ.

ಹಾರ್ಫ್‌ಬಜ್‌ಗೆ ದುಡ್ಡಿಲ್ಲ. ಅದರ ಪರವಾನಗಿ ಎಷ್ಟು ಸಡಿಲ ಅಂದರೆ ಕಂಪನಿಯವರೂ ತಮ್ಮ ಸಾಫ್ಟ್‌ವೇರ್‌ಗೆ ಪುಕ್ಕಟೆ ಸೇರಿಸಿಕೊಳ್ಳಬಹುದು. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್ ಎಲ್ಲವೂ ಅದನ್ನೇ ಬಳಸುತ್ತವೆ. ಹಾಗಿದ್ದ ಮೇಲೆ ರಸೀದಿಯಲ್ಲಿ ಒತ್ತಕ್ಷರ ಒಡೆಯೋದಕ್ಕೆ ತಂತ್ರಜ್ಞಾನ ಇಲ್ಲ ಅನ್ನೋದು ಕಾರಣವೇ ಅಲ್ಲ. ಆ್ಯಪ್ ಒಪ್ಪಿಸುವಾಗ ಒಂದು ಕನ್ನಡ ಹಾಳೆ ಪ್ರಿಂಟ್ ತೆಗೆದು ನೋಡಿದವರು ಯಾರೂ ಇಲ್ಲ, ಅಷ್ಟೇ.

ಆದ್ದರಿಂದ ಪಂಚಾಯಿತಿಯಾಗಲಿ ಸಹಕಾರ ಸಂಘವಾಗಲಿ, ಸಾಫ್ಟ್‌ವೇರ್ ಕೊಳ್ಳುವಾಗ ಕರಾರಿನಲ್ಲೇ ಒಂದು ಸಾಲು ಸೇರಿಸಲಿ: ಸಿದ್ದಪ್ಪ, ಲಕ್ಷ್ಮಮ್ಮ, ಸೂರ್ಯ, ರಾಷ್ಟ್ರ, ಈ ನಾಲ್ಕು ಪದಗಳನ್ನು ಪರದೆ, ಪಿಡಿಎಫ್, ರಸೀದಿ ಮೂರರಲ್ಲೂ ಸರಿಯಾಗಿ ತೋರಿಸಿದ ಮೇಲೆಯೇ ಹಣ.