ಮೇಲೆ ಮಿತಿಯುಂಟು, ಕೆಳಗೆ ನೆಲವಿಲ್ಲ

ಫುಟ್‌ಬಾಲ್ ತಂಡವೊಂದರ ಸಂಬಳದ ಲೆಕ್ಕಕ್ಕೂ ದೊಡ್ಡಬಳ್ಳಾಪುರದ ಮಗ್ಗದ ಮನೆಗೂ ಏನು ಸಂಬಂಧವೆಂದು ಓದುಗರು ಕೇಳಿಯಾರು. ಆಟದ ಸುದ್ದಿಗೆ ಈ ಅಂಕಣದಲ್ಲಿ ನಾವು ಜಾಗ ಕೊಡುವುದು ಅಪರೂಪವೆಂಬುದೂ ನಿಜವೇ. ಆದರೆ ನಾವು ಇಂದು ಎತ್ತಿಕೊಂಡಿರುವುದು ಕೂಲಿಯ ಪ್ರಶ್ನೆ. ಕೂಲಿ ಪಡೆಯುವವನು ಲಾಳಿಯನ್ನು ಆಡಿಸಿದರೇನು, ಚೆಂಡನ್ನು ಒದ್ದರೇನು?

2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಇಂಡಿಯನ್ ಸೂಪರ್ ಲೀಗಿನ ಅಂತಿಮ ಪಂದ್ಯ ನಡೆಯಿತು. ಬೆಂಗಳೂರು ಎಫ್.ಸಿ. ತಂಡವು ಹೆಚ್ಚುವರಿ ಅವಧಿಯವರೆಗೂ ಹೋರಾಡಿ ಮೋಹನ್ ಬಾಗಾನ್ ಎದುರು 2-1ರಿಂದ ಸೋತಿತು. ನಾಲ್ಕು ತಿಂಗಳೂ ತುಂಬಲಿಲ್ಲ. ಆಗಸ್ಟ್ ತಿಂಗಳ ಆರಂಭದಲ್ಲಿ ಅದೇ ಕ್ಲಬ್ಬು ತನ್ನ ಪ್ರಧಾನ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕಾರಣ? ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಗಳಿಗೆ 700 ಕೋಟಿ ರೂಪಾಯಿಗೆ ಬರೆದುಕೊಟ್ಟಿತ್ತು. ಆ ಕರಾರು 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಮುಂದಿನ ಕರಾರು ಕುದುರಲಿಲ್ಲವೆಂದು ಲೀಗು ನಡೆಸುವ ಕಂಪೆನಿಯು ಜುಲೈನಲ್ಲೇ ಆಟವನ್ನು ತಡೆಹಿಡಿಯಿತು. ಮೇಲಿನವರ ಕಾಗದಕ್ಕೆ ಸಹಿ ಬೀಳಲಿಲ್ಲ. ಕೆಳಗಿನವರ ಸಂಬಳ ನಿಂತಿತು. ಸಾಹುಕಾರರು ನೂಲು ಕೊಡದಿದ್ದರೆ ಮಗ್ಗ ನಿಂತು, ಮಗ್ಗ ನಿಂತರೆ ಒಲೆ ಆರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕ್ಲಬ್ಬು ಯಾವುದೋ ಬಡ ಕ್ಲಬ್ಬಲ್ಲ. 2013ರಲ್ಲಿ ಇದನ್ನು ಸ್ಥಾಪಿಸಿದ್ದು ಉಕ್ಕಿನ ದೊಡ್ಡ ಉದ್ಯಮಿಗಳಾದ ಜೆ.ಎಸ್.ಡಬ್ಲ್ಯು. ಸಮೂಹ. ಮೊದಲ ವರ್ಷವೇ ಐ-ಲೀಗು ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯ ತಲುಪಿತು. 2019ರ ಮಾರ್ಚಿಯಲ್ಲಿ ಗೋವಾವನ್ನು 1-0ಯಿಂದ ಸೋಲಿಸಿ ಸೂಪರ್ ಲೀಗನ್ನೂ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ಗಂಟಲು ಹರಿಯುವಂತೆ ಕೂಗುವ ಹುಡುಗರ ಪ್ರೀತಿ ಸುಳ್ಳಲ್ಲ. ಅದನ್ನು ಹಂಗಿಸುವುದು ನಮ್ಮ ಉದ್ದೇಶವೂ ಅಲ್ಲ.

ನಾವು ಹೇಳಹೊರಟಿರುವುದು ಬೇರೆ. ಯಾವ ಆಟಗಾರರ ಸಂಬಳ ಒಂದು ಪ್ರಕಟಣೆಯಿಂದ ನಿಂತುಹೋಯಿತೋ, ಅವರ ಸಂಬಳಕ್ಕೆ ಮೇಲೊಂದು ಮಿತಿ ಬಹುಕಾಲದಿಂದ ಇದೆ. ಇದಕ್ಕೆ ಸ್ಯಾಲರಿ ಕ್ಯಾಪ್ ಎಂದು ಹೆಸರು. ಒಂದು ತಂಡವು ಒಂದು ಋತುವಿನಲ್ಲಿ ತನ್ನ ಆಟಗಾರರಿಗೆಲ್ಲ ಸೇರಿ ಇಷ್ಟಕ್ಕಿಂತ ಹೆಚ್ಚು ಕೊಡಕೂಡದು ಎಂಬ ಕಟ್ಟು. 2020-21ರ ಋತುವಿನಲ್ಲಿ ಇದು ಹದಿನಾರೂವರೆ ಕೋಟಿ ರೂಪಾಯಿ. ಸಾಲದ್ದಕ್ಕೆ, ಹೆಸರಾಂತ ತಾರೆಯೊಬ್ಬನನ್ನು ಈ ಲೆಕ್ಕದಿಂದ ಹೊರಗಿಡುವ ಕಿಟಕಿಯೂ ಈ ಲೀಗಿನ ಕಟ್ಟಳೆಗಳಲ್ಲಿ ಇದ್ದಿತು.

ಹದಿನಾರೂವರೆ ಕೋಟಿ ಎಂದೊಡನೆ ಕಣ್ಣರಳುವುದು ಸಹಜ. ಆದುದರಿಂದ ಕರಿಹಲಗೆಯ ಮೇಲೆ ಹಾಕುವಂತೆ ಲೆಕ್ಕವನ್ನು ಬಿಡಿಸೋಣ. ಅಂಕಿಗಳು ಉದಾಹರಣೆಗೆ ನಾವು ಹಾಕಿಕೊಂಡವು; ಯಾವ ತಂಡದ ದಫ್ತರದಿಂದ ತಂದವೂ ಅಲ್ಲ. ಮೂವತ್ತು ಜನರ ತಂಡ. ಸಮನಾಗಿ ಹಂಚಿದರೆ ತಲಾ 55 ಲಕ್ಷ. ಆದರೆ ಹಂಚಿಕೆ ಸಮನಾಗಿ ಎಲ್ಲಿಯೂ ಇಲ್ಲ. ಆರು ಮಂದಿ ವಿದೇಶೀಯರಿಗೆ ತಲಾ ಒಂದೂಕಾಲು ಕೋಟಿಯಂತೆ ಏಳೂವರೆ ಕೋಟಿ ಹೋಯಿತು, ಉಳಿದದ್ದು ಒಂಬತ್ತು. ರಾಷ್ಟ್ರ ತಂಡದಲ್ಲಿ ಆಡುವ ನಾಲ್ವರಿಗೆ ತಲಾ ಒಂದು ಕೋಟಿ; ಉಳಿದದ್ದು ಐದು. ದಿನನಿತ್ಯ ಹನ್ನೊಂದರಲ್ಲಿ ಇಳಿಯಬಲ್ಲ ಇನ್ನೆಂಟು ಮಂದಿಗೆ ತಲಾ 40 ಲಕ್ಷ. ಕೊನೆಗೆ ಹನ್ನೆರಡು ಹುಡುಗರ ಪಾಲಿಗೆ ಒಂದು ಕೋಟಿ ಎಂಬತ್ತು ಲಕ್ಷ, ಎಂದರೆ ತಲಾ 15 ಲಕ್ಷ.

ಈಗ ವಿದೇಶದ ಮುನ್ನಡೆ ಆಟಗಾರನೊಬ್ಬ ಇನ್ನೂ 25 ಲಕ್ಷ ಬೇಕೆಂದು ಪಟ್ಟುಹಿಡಿದನೆನ್ನೋಣ. ಅವನು ಬಿಟ್ಟುಹೋದರೆ ಗೋಲು ಹೊಡೆಯುವವರಿಲ್ಲ. ಕೊಡಲೇಬೇಕು. ಎಲ್ಲಿಂದ ಕೊಡುವುದು? ಮಾಲೀಕನ ಜೇಬು ದೊಡ್ಡದಾಗಿಯೇ ಇರಬಹುದು, ಅವನಿಗೆ ಮನಸ್ಸೂ ಇರಬಹುದು, ಕಟ್ಟಳೆ ಬಿಡದು. ಆದುದರಿಂದ ಆ 25 ಲಕ್ಷ ಬರಬೇಕಾದದ್ದು ಈ ಹನ್ನೆರಡು ಹುಡುಗರ ಪಾಲಿನಿಂದಲೇ, ತಲಾ ಎರಡು ಲಕ್ಷಕ್ಕೂ ಮಿಕ್ಕಿ. ಅಥವಾ ಅವರಲ್ಲಿ ಒಬ್ಬಿಬ್ಬರನ್ನು ಬಿಟ್ಟು, ಒಬ್ಬನನ್ನು ಬೇರೆ ಕ್ಲಬ್ಬಿಗೆ ಎರವಲು ಕಳುಹಿಸಿ ಜಾಗ ಮಾಡಬೇಕು. ತಂಡದ ವ್ಯವಸ್ಥಾಪಕರ ಜಾಣತನವೆಂದು ಹೊಗಳಿಸಿಕೊಳ್ಳುವ ಕೆಲಸ ಇದೇ: ಮಿತಿಯೊಳಗೆ ಜಾಗ ಹುಡುಕುವುದು. ಈ ಲೆಕ್ಕದ ಒಳಗುಟ್ಟೇನೆಂದರೆ, ಮಿತಿ ಬಿದ್ದ ಕಡೆ ಒಬ್ಬ ಆಟಗಾರ ಸಂಬಳ ಹೆಚ್ಚು ಕೇಳಿದರೆ ಅವನು ಕೇಳುತ್ತಿರುವುದು ಧಣಿಯನ್ನಲ್ಲ, ಪಕ್ಕದಲ್ಲಿ ಬೂಟು ಕಟ್ಟಿಕೊಳ್ಳುತ್ತಿರುವ ಜೊತೆಗಾರನನ್ನು. ಕೂಲಿಗಾರ ಕೂಲಿಗಾರನ ಮೇಲೆ ಕಣ್ಣಿಡುವಂತೆ ಮಾಡಲು ಇದಕ್ಕಿಂತ ಅಚ್ಚುಕಟ್ಟಾದ ಏರ್ಪಾಡು ಬೇಕೇ?

15 ಲಕ್ಷ ಕಡಿಮೆಯೇ ಎಂದು ಮಗ್ಗದವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವರ್ಷವಿಡೀ ದುಡಿದರೂ ಅದರ ಕಾಲುಭಾಗ ಕಾಣದವರ ಊರು ನಮ್ಮದು. ಆದರೆ ಫುಟ್‌ಬಾಲಿನವನ ದುಡಿಮೆಯ ಆಯುಸ್ಸು ಹತ್ತೋ ಹನ್ನೆರಡೋ ವರ್ಷ. ಮೂವತ್ತೈದರ ಹೊತ್ತಿಗೆ ಮೊಣಕಾಲು ಸವೆದು ಕೂರುತ್ತಾನೆ. ಹದಿನೈದರ ವಯಸ್ಸಿಗೇ ಓದು ಬಿಟ್ಟವನಾಗಿದ್ದರೆ ಮುಂದಿನ ಮೂವತ್ತು ವರ್ಷ ಏನು ಮಾಡಬೇಕು? ಹಾಗೆಂದು ಆ ತಾರೆಗಳ ಕೋಟಿಗಾಗಿ ನಾವು ಕಣ್ಣೀರಿಡುತ್ತಿಲ್ಲ. ನಮ್ಮ ಮಾತು ಆ ಹನ್ನೆರಡು ಹುಡುಗರದ್ದು.

ಮಿತಿಯ ಪರವಾಗಿ ಹೇಳುವ ಮಾತಿನಲ್ಲಿ ಹುರುಳೇ ಇಲ್ಲವೆಂದಲ್ಲ. ಮಿತಿ ಇಲ್ಲದಿದ್ದರೆ ದುಡ್ಡಿದ್ದವನೇ ಎಲ್ಲರನ್ನೂ ಕೊಂಡು ವರ್ಷವರ್ಷವೂ ಗೆಲ್ಲುತ್ತಾನೆ, ಆಟ ಕೆಡುತ್ತದೆ. 2019ರಲ್ಲಿ ಮ್ಯಾಂಚೆಸ್ಟರಿನ ಸಿಟಿ ಫುಟ್‌ಬಾಲ್ ಗ್ರೂಪಿನವರು ಮುಂಬಯಿಯ ಕ್ಲಬ್ಬಿನಲ್ಲಿ ಶೇಕಡಾ 65ರಷ್ಟು ಪಾಲು ಕೊಂಡಾಗ ಸಣ್ಣ ಕ್ಲಬ್ಬುಗಳು ಹೆದರಿದ್ದರೆ ಆಶ್ಚರ್ಯವಿಲ್ಲ. (ಅವರೂ 2025ರ ಕೊನೆಗೆ ಕೈಬಿಟ್ಟು ಹೋದರು. ಲಾಭವಿಲ್ಲದ ಕಡೆ ಬಂಡವಳ ಎಷ್ಟು ದಿನ ನಿಂತೀತು?) ಕ್ಲಬ್ಬುಗಳು ನಷ್ಟದಲ್ಲಿ ನಡೆಯುತ್ತಿವೆ ಎಂಬುದನ್ನೂ ಅಲ್ಲಗಳೆಯಲಾರೆವು. ಸಮಾನತೆಯ ಮಾತಾಡುವ ನಮ್ಮಂಥವರೇ ಮಿತಿಯನ್ನು ಸ್ವಾಗತಿಸಬೇಡವೇ ಎಂದು ಗೆಳೆಯರು ಕೆಲವರು ಚುಚ್ಚಿದ್ದಾರೆ.

ಮಿತಿ ಎಂಬ ಮಾತು ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. 1961ರ ಭೂಸುಧಾರಣಾ ಕಾಯಿದೆ, ಅದಕ್ಕೆ 1974ರಲ್ಲಿ ಬಂದ ತಿದ್ದುಪಡಿ, ಇವುಗಳಿಂದ ಜಮೀನಿಗೆ ಮಿತಿ ಬಂತು. ಆದರೆ ಆ ಮಿತಿ ಬಿದ್ದದ್ದು ಒಡೆಯನ ಮೇಲೆ, ಉತ್ತವನ ಮೇಲಲ್ಲ. ಮಿಕ್ಕ ಜಮೀನು ಇಲ್ಲದವನಿಗೆ ಹೋಗಬೇಕೆಂದು ಕಾಯಿದೆ ಹೇಳಿತು. ಎಷ್ಟು ಹೋಯಿತು, ಎಷ್ಟು ಬೇನಾಮಿಯಲ್ಲಿ ಉಳಿಯಿತು, ಆ ಕಥೆ ಬೇರೆ. ಫುಟ್‌ಬಾಲಿನ ಮಿತಿಯಾದರೋ ದುಡಿಯುವವನ ಕೂಲಿಯ ಮೇಲೆ ಬಿದ್ದಿದೆ, ಮಿಕ್ಕದ್ದು ಮರಳಿ ಧಣಿಯ ಪೆಟ್ಟಿಗೆಗೇ ಸೇರುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟು ಸಮಾನತೆ ಎನ್ನುವುದು ಸಲ್ಲದು. ಬೇನಾಮಿಯ ಮಾತು ಬಂದದ್ದಕ್ಕೆ ಹೇಳುತ್ತೇವೆ: ಆಸ್ಟ್ರೇಲಿಯದ ರಗ್ಬಿ ಲೀಗಿನಲ್ಲಿ ಮೆಲ್ಬರ್ನ್ ಸ್ಟಾರ್ಮ್ ಎಂಬ ಕ್ಲಬ್ಬು ಎರಡೆರಡು ಲೆಕ್ಕದ ಪುಸ್ತಕ ಇಟ್ಟು ಮಿತಿ ಮೀರಿ ಸಂಬಳ ಕೊಟ್ಟಿದ್ದು 2010ರಲ್ಲಿ ಬಯಲಾಗಿ, 2007 ಮತ್ತು 2009ರಲ್ಲಿ ಗೆದ್ದ ಪಟ್ಟಗಳನ್ನು ಕಳೆದುಕೊಂಡಿತು. ಮಿತಿ ಹಾಕಿದವರೇ ಮಿತಿ ಮುರಿಯುವ ವಿದ್ಯೆಯನ್ನೂ ಬಲ್ಲರು.

ಇಂಗ್ಲೆಂಡಿನ ಕಥೆ ಇನ್ನೂ ಹಳೆಯದು. ಅಲ್ಲಿ 1901ರಿಂದ ಫುಟ್‌ಬಾಲಿನವನಿಗೆ ವಾರಕ್ಕೆ ನಾಲ್ಕು ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಕಟ್ಟಳೆ. ಅರವತ್ತು ವರ್ಷಗಳಲ್ಲಿ ಅದು ಇಪ್ಪತ್ತು ಪೌಂಡಿಗೆ ತೆವಳಿತು. ಕ್ರೀಡಾಂಗಣಗಳೇನೋ ತುಂಬಿ ತುಳುಕುತ್ತಿದ್ದವು. ಕೊನೆಗೆ ಜಿಮ್ಮಿ ಹಿಲ್ ಎಂಬಾತನ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರದ ನೋಟೀಸು ಕೊಟ್ಟಿತು. 1961ರ ಜನವರಿಯಲ್ಲಿ ಕಟ್ಟಳೆ ಬಿದ್ದುಹೋಯಿತು. ಫುಲ್‌ಹ್ಯಾಮಿನ ಜಾನಿ ಹೇನ್ಸ್‌ಗೆ ವಾರಕ್ಕೆ ನೂರು ಪೌಂಡು ಸಿಕ್ಕಿತು. ಇಪ್ಪತ್ತಕ್ಕಿಂತ ಹೆಚ್ಚು ಕೊಟ್ಟರೆ ಕ್ಲಬ್ಬುಗಳು ಮುಳುಗುತ್ತವೆ ಎಂದವರ ಮಾತು ಏನಾಯಿತೆಂಬುದನ್ನು ಇಂದು ಟಿ.ವಿ.ಯಲ್ಲಿ ಆ ಲೀಗು ನೋಡುವ ನಮ್ಮ ಹುಡುಗರೇ ಹೇಳಿಯಾರು.

ಹಾಗಾದರೆ ಮಿತಿಯೇ ಬೇಡವೇ? ಅಮೆರಿಕವು ಸಮಾಜವಾದಕ್ಕೆ ಹೆಸರಾದ ದೇಶವಲ್ಲ. ಆದರೂ ಅಲ್ಲಿಯ ಫುಟ್‌ಬಾಲ್ ಲೀಗಿನಲ್ಲಿ (ಅವರದು ಕೈಯಲ್ಲಿ ಹಿಡಿದು ಓಡುವ ಬೇರೆ ಆಟ) 1994ರಿಂದ ಇರುವ ಮಿತಿಯನ್ನು ನೋಡಬೇಕು. ಅದು ಧಣಿಗಳು ಕೋಣೆಯೊಳಗೆ ಕುಳಿತು ಬರೆದದ್ದಲ್ಲ. ಮುಷ್ಕರ, ಕೋರ್ಟು ಎಲ್ಲ ಆದಮೇಲೆ ಆಟಗಾರರ ಸಂಘದೊಡನೆ ಸಹಿಯಾದ ಒಪ್ಪಂದ. ಲೀಗಿನ ವರಮಾನ ಏರಿದಂತೆ ಮಿತಿಯೂ ಏರಬೇಕು; 2020ರ ಒಪ್ಪಂದದಂತೆ ವರಮಾನದ ಸುಮಾರು ಶೇಕಡಾ 48 ಆಟಗಾರರ ಪಾಲು. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ಮಿತಿಗೊಂದು ತಳವೂ ಇದೆ. ಕೆಲವು ವರ್ಷಗಳ ಸರಾಸರಿಯಲ್ಲಿ ಪ್ರತಿ ತಂಡವೂ ಮಿತಿಯ ಶೇಕಡಾ 90ರಷ್ಟನ್ನಾದರೂ ಸಂಬಳಕ್ಕೆ ಸುರಿಯಲೇಬೇಕು. ಹೊಸದಾಗಿ ಸೇರಿದ ಹುಡುಗನಿಗೂ ಇಂತಿಷ್ಟು ಎಂಬ ಕನಿಷ್ಠ ಸಂಬಳವಿದೆ. ಮಾಡು ಇದ್ದ ಮನೆಗೆ ನೆಲವೂ ಇದೆ ಎಂದಾಯಿತು.

ನಮ್ಮಲ್ಲಿಯೂ ಒಂದು ಕಾಲಕ್ಕೆ ನೆಲವಿತ್ತು. ಅದರ ಹೆಸರು ಸ್ಯಾಲರಿ ಕ್ಯಾಪ್ ಆಗಿರಲಿಲ್ಲ, ನೌಕರಿ ಎಂದಾಗಿತ್ತು. ಬೆಂಗಳೂರಿನ ಫುಟ್‌ಬಾಲು ನಿನ್ನೆ ಮೊನ್ನೆಯದಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1948ರ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನೆದುರು ಭಾರತದ ಗೋಲು ಹೊಡೆದ ರಾಮನ್ ಈ ಊರಿನ ಆಟಗಾರರು. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಬಾರಿ ಗೆದ್ದಿತು, ಕೊನೆಯ ಸಲ 1968-69ರಲ್ಲಿ. ಅದಾದ ಮೇಲೆ ಕರ್ನಾಟಕಕ್ಕೆ ಅದು ಮತ್ತೆ ಸಿಕ್ಕಿದ್ದು 2023ರಲ್ಲಿ. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ನಗರದ ಆಟವನ್ನು ಹೊತ್ತು ನಿಂತವು ಎಚ್.ಎ.ಎಲ್., ಐ.ಟಿ.ಐ., ಬಿ.ಇ.ಎಂ.ಎಲ್. ಮೊದಲಾದ ಕಾರ್ಖಾನೆಗಳ ತಂಡಗಳು. ಹೊಸಕೋಟೆ ಕಡೆಯಿಂದ ಬಸ್ಸಿನಲ್ಲಿ ಹೋಗುವವರಿಗೆ ದೂರವಾಣಿನಗರದ ಐ.ಟಿ.ಐ. ಗೇಟು ಗೊತ್ತೇ ಇದೆ. ಅಂಥ ಕಾರ್ಖಾನೆಯ ತಂಡದಲ್ಲಿ ಆಡುವವನು ಹಾಜರಿ ಪುಸ್ತಕದಲ್ಲಿ ಹೆಸರಿದ್ದ ನೌಕರ. ಕೋಟಿ ಸಿಗಲಿಲ್ಲ, ನಿಜ. ಆದರೆ ತಿಂಗಳ ಸಂಬಳ, ಭವಿಷ್ಯನಿಧಿ, ಕಾಲು ಮುರಿದರೆ ಆಸ್ಪತ್ರೆ. ಆಟ ನಿಂತಮೇಲೂ ಕೆಲಸ. ಲೀಗು ನಡೆಯಲಿಲ್ಲವೆಂದು ಯಾರೂ ಅವನ ಪಗಾರ ಹಿಡಿಯುತ್ತಿರಲಿಲ್ಲ. ಆ ಏರ್ಪಾಡಿನಲ್ಲಿ ಕೊರತೆಗಳು ಇದ್ದವು, ಕಪ್ಪುಗಳು ಕಡಿಮೆಯಿದ್ದವು. ಅದು ಹಾಗೆಯೇ ಮರಳಿ ಬರಲೆಂದು ನಾವು ಹಂಬಲಿಸುತ್ತಲೂ ಇಲ್ಲ. ಸಾರ್ವಜನಿಕ ಕಾರ್ಖಾನೆಗಳು ಸೊರಗಿದಂತೆ ಆ ತಂಡಗಳೂ ಸೊರಗಿದವು. ಆದರೆ ಬಿಟ್ಟದ್ದೇನು, ಹಿಡಿದದ್ದೇನು ಎಂಬುದರ ಅರಿವು ಇರಬೇಕು.

2025ರ ಋತುವಿಗೆ ಮರಳೋಣ. ಲೀಗು ಇಲ್ಲದೆ ತಿಂಗಳುಗಳು ಕಳೆದವು. ಹೊಸ ಗುತ್ತಿಗೆಗೆ ಕರೆದ ಟೆಂಡರಿಗೆ ಒಬ್ಬರೂ ಬರಲಿಲ್ಲ. 2026ರ ಜನವರಿಯ ಮೊದಲಲ್ಲಿ ಸುನಿಲ್ ಛೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು ಮೊದಲಾದ ಆಟಗಾರರೇ ಲೋಕದ ಮುಂದೆ ಬಂದು ನಮ್ಮ ಆಟವನ್ನು ಉಳಿಸಿರೆಂದು ಫಿಫಾ ಸಂಸ್ಥೆಯನ್ನು ಬೇಡಿಕೊಂಡರು. ಆಮೇಲೆ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವರು ಫೆಬ್ರವರಿ 14ರಿಂದ ಲೀಗು ನಡೆಸುವುದಾಗಿ ಸಾರಿದರು: 14 ತಂಡ, 91 ಪಂದ್ಯ. ತಂಡಕ್ಕೆ 13 ಪಂದ್ಯ ಬಿದ್ದವು. ಹಿಂದಿನ ಋತುವಿನಲ್ಲಿ 24 ಇದ್ದವು. ಆಟ ಅರ್ಧವಾಯಿತಲ್ಲ, ಸಂಬಳವನ್ನೂ ತಗ್ಗಿಸಿಕೊಳ್ಳಿರೆಂದು ಹಲವು ಕ್ಲಬ್ಬುಗಳು ಆಟಗಾರರನ್ನು ಕೇಳಿದವು.

ಗಮನಿಸಿ: ವರಮಾನ ಏರಿದ ವರ್ಷ ಮಿತಿ ಇದೆ, ಹೆಚ್ಚು ಕೊಡಲಾರೆವು, ವರಮಾನ ಇಳಿದ ವರ್ಷ ಪಂದ್ಯವಿಲ್ಲ, ಇದ್ದದ್ದನ್ನೂ ಕೊಡಲಾರೆವು. ಎತ್ತ ಬಿದ್ದರೂ ಆಟಗಾರನದೇ ಸೋಲು. ನಷ್ಟದಲ್ಲಿ ಪಾಲುದಾರನಾಗುವವನು ಲಾಭದಲ್ಲೂ, ಲೆಕ್ಕ ನೋಡುವುದರಲ್ಲೂ ಪಾಲುದಾರನಾಗಬೇಡವೇ? 2006ರಲ್ಲಿ ಬೈಚುಂಗ್ ಭುಟಿಯಾ ಮುಂತಾದವರು ಆಟಗಾರರ ಸಂಘವೊಂದನ್ನು ಕಟ್ಟಿದರು. ಹೆಸರಾಂತ ತಾರೆಯರು ಅದರ ಹಿಂದೆ ಗಟ್ಟಿಯಾಗಿ ನಿಲ್ಲಬೇಕು. ಜಿಮ್ಮಿ ಹಿಲ್ಲನ ಮುಷ್ಕರ ಗೆದ್ದದ್ದು ಜಾನಿ ಹೇನ್ಸನಿಗೆ ನೂರು ಪೌಂಡು ಬೇಕಾಗಿತ್ತೆಂದಲ್ಲ, ಹೆಸರಿಲ್ಲದ ಸಾವಿರಾರು ಆಟಗಾರರು ಒಟ್ಟಿಗೆ ನಿಂತರೆಂದು.

ಎರಡು ತಿಂಗಳ ಸಂಬಳ ಬಾಕಿಯಾದರೆ, ಹದಿನೈದು ದಿನಗಳ ನೋಟೀಸು ಕೊಟ್ಟು ಒಪ್ಪಂದ ಹರಿದು ಹೊರಡಬಹುದೆಂದು 2018ರಿಂದ ಫಿಫಾ ನಿಯಮವೇ ಇದೆ. ಆದರೆ ದೇಶದಲ್ಲಿ ಲೀಗೇ ಇಲ್ಲದಿರುವಾಗ ಹೊರಟು ಹೋಗುವುದೆಲ್ಲಿಗೆ? ಆದುದರಿಂದ ಹೊರಡುವ ಹಕ್ಕು ಸಾಲದು, ಪಡೆಯುವ ಹಕ್ಕು ಬೇಕು. ಗುತ್ತಿಗೆದಾರನೊಬ್ಬ ಸರ್ಕಾರಿ ರಸ್ತೆ ಹಾಕಲು ಬಂದರೆ ಠೇವಣಿ ಇಡಿಸಿಕೊಳ್ಳುತ್ತಾರೆ. ಉಕ್ಕಿನ, ಸಿಮೆಂಟಿನ ಧಣಿಗಳು ಮೂವತ್ತು ಹುಡುಗರನ್ನು ಕೂಲಿಗೆ ಕರೆಯುವಾಗ ಒಂದು ಋತುವಿನ ಸಂಬಳವನ್ನು ಬ್ಯಾಂಕಿನಲ್ಲಿ ಠೇವಣಿ ಇಡಲಿ. ಇಟ್ಟ ಮೇಲೆ ತಂಡ ನೋಂದಾಯಿಸಲಿ. ಮಿತಿ ಬೇಕೆಂದರೆ ಇರಲಿ, ಅದರ ಕೆಳಗೆ ಕನಿಷ್ಠ ಸಂಬಳವೊಂದು ಅದೇ ಕಾಗದದಲ್ಲಿ ಬರಲಿ. ಆ ಕಾಗದ ಬರೆಯುವ ಮೇಜಿನ ಬಳಿ ಆಟಗಾರರ ಸಂಘಕ್ಕೂ ಒಂದು ಕುರ್ಚಿ ಹಾಕಲಿ. 1948ರಲ್ಲೇ ಈ ದೇಶ ಕನಿಷ್ಠ ಕೂಲಿಯ ಕಾಯಿದೆ ಮಾಡಿತ್ತು, ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿದೆ. ಅದರಲ್ಲಿರುವ ತತ್ವ ಫೆಡರೇಷನ್ನಿನವರಿಗೆ ಅರ್ಥವಾಗದಷ್ಟು ಗಹನವಾದದ್ದಲ್ಲ.

ಮುಂದಿನ ಋತುವಿಗೆ ಹುಡುಗರನ್ನು ಆರಿಸುವ ಶಿಬಿರಗಳಿಗೆ ನಮ್ಮ ದೇವನಹಳ್ಳಿ, ನೆಲಮಂಗಲದ ಕಡೆಯ ಮಕ್ಕಳೂ ಹೋಗಿಯಾರು. ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿ ಓದಿಸಿಕೊಳ್ಳಿರಿ, ಲೀಗು ನಿಂತರೆ ಸಂಬಳವೇನಾಗುವುದೆಂದು ಬರೆದಿದೆಯೋ ಇಲ್ಲವೋ ನೋಡಿರಿ ಎಂದು ತಾಯಿತಂದೆಯರನ್ನು ಕೇಳಿಕೊಳ್ಳುತ್ತೇವೆ. ಓದಿ ಹೇಳಲು ಯಾರೂ ಇಲ್ಲದಿದ್ದರೆ ನಮ್ಮ ಕಚೇರಿಗೆ ತನ್ನಿರಿ.